1884ರ ‘ಲಾ ಫ್ರಾನ್ಸ್’: ಹೊರಟ ಜಾಗಕ್ಕೇ ಮರಳಿದ ವಾಯುನೌಕೆಯನ್ನು ಸೈನ್ಯ ಮೂಲೆಗಿಟ್ಟದ್ದೇಕೆ?

ಗಾಳಿಪಟ (ಚರ್ಚೆ ಆರಂಭಿಸಿದವರು)

ಹಾರಾಟದ ಇತಿಹಾಸವನ್ನು ಕುರಿತು ನಮ್ಮಲ್ಲಿ ಬರುವ ಬರಹಗಳು ಸಾಮಾನ್ಯವಾಗಿ 1783ರ ಬಿಸಿಗಾಳಿ ಬಲೂನಿನಿಂದ ಒಂದೇ ನೆಗೆತಕ್ಕೆ 1903ರ ರೈಟ್ ಸೋದರರನ್ನು ತಲುಪಿಬಿಡುತ್ತವೆ. ನಡುವಿನ ನೂರಿಪ್ಪತ್ತು ವರ್ಷಗಳಲ್ಲಿ ನಡೆದದ್ದರ ಪೈಕಿ ಒಂದು ಘಟನೆಯನ್ನಾದರೂ ವಿವರವಾಗಿ ನೋಡಬೇಕೆಂಬ ಆಸೆಯಿಂದ ಈ ಚರ್ಚೆಯನ್ನು ತೆರೆಯುತ್ತಿದ್ದೇನೆ.

1884ರ ಆಗಸ್ಟ್ 9ರಂದು ಸಂಜೆ ನಾಲ್ಕು ಗಂಟೆಗೆ, ಪ್ಯಾರಿಸ್ಸಿನ ನೈಋತ್ಯಕ್ಕಿರುವ ಶಲೇ-ಮ್ಯುಡೋನ್‌ನ ಸೇನಾ ಬಲೂನು ಕೇಂದ್ರದ ಹುಲ್ಲುಹಾಸಿನಿಂದ ‘ಲಾ ಫ್ರಾನ್ಸ್’ ಎಂಬ ವಾಯುನೌಕೆ ಮೇಲೆದ್ದಿತು. ಅದರಲ್ಲಿದ್ದವರು ಅದನ್ನು ಕಟ್ಟಿದ ಇಬ್ಬರು ಸೇನಾಧಿಕಾರಿಗಳಾದ ಶಾರ್ಲ್ ರೆನಾರ್ ಮತ್ತು ಆರ್ಥರ್ ಕ್ರೆಬ್ಸ್ ಮಾತ್ರ. ದಕ್ಷಿಣಕ್ಕೆ ಸಾಗಿ, ವಿಲ್ಲಾಕೂಬ್ಲೇ ಬಳಿ ತಿರುಗಿ, 23 ನಿಮಿಷಗಳಲ್ಲಿ ಸುಮಾರು 7.6 ಕಿ.ಮೀ. ಕ್ರಮಿಸಿ, ಅದು ಹೊರಟಿದ್ದ ಅದೇ ಹುಲ್ಲುಹಾಸಿನ ಮೇಲೆ ಇಳಿಯಿತು. ಮನುಷ್ಯರನ್ನು ಹೊತ್ತ ಹಾರುಯಂತ್ರವೊಂದು ತನ್ನ ಸ್ವಂತ ಶಕ್ತಿಯಿಂದ ಹೊರಟ ಜಾಗಕ್ಕೆ ಮರಳಿದ್ದು ಅದೇ ಮೊದಲು. ಅದರ ಮೋಟಾರು ವಿದ್ಯುತ್ತಿನದು ಎಂಬುದನ್ನು ಇಂದಿನ ಓದುಗರು ವಿಶೇಷವಾಗಿ ಗಮನಿಸಬೇಕು.

ಇದರ ಹಿಂದೆ ಇದ್ದದ್ದು ಯುದ್ಧದ ನೆನಪು. 1870ರ ಸೆಪ್ಟೆಂಬರಿನಿಂದ 1871ರ ಜನವರಿಯವರೆಗೆ ಪ್ರಷ್ಯದ ಸೈನ್ಯ ಪ್ಯಾರಿಸ್ಸನ್ನು ಮುತ್ತಿದ್ದಾಗ, ನಗರದಿಂದ 66 ಬಲೂನುಗಳು ಜನರನ್ನೂ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪತ್ರಗಳನ್ನೂ ಹೊತ್ತು ಹೊರಗೆ ಹೋದವು. ಮಂತ್ರಿ ಲಿಯೋನ್ ಗಾಂಬೆಟ್ಟಾ ಅವರೇ 1870ರ ಅಕ್ಟೋಬರ್ 7ರಂದು ಹೀಗೆ ಪಾರಾದರು. ಒಂದು ಬಲೂನಂತೂ ಗಾಳಿಯ ಪಾಲಾಗಿ ನಾರ್ವೆಯಲ್ಲಿ ಇಳಿಯಿತು. ಹೊರಗೆ ಹೋದ ಯಾವ ಬಲೂನೂ ಒಳಕ್ಕೆ ಮರಳಲಿಲ್ಲ. ಉತ್ತರಗಳು ಬರಬೇಕಾದದ್ದು ಪಾರಿವಾಳಗಳ ಮೂಲಕ, ಕಣ್ಣಿಗೆ ಕಾಣದಷ್ಟು ಕಿರಿದಾಗಿಸಿದ ಛಾಯಾಚಿತ್ರಗಳ ರೂಪದಲ್ಲಿ. ಮುಂದೆ ರೆನಾರ್ ಅವರ ಪ್ರಯೋಗಗಳಿಗೆ ಸರ್ಕಾರದ ಹಣ ದೊರಕಿಸಿಕೊಟ್ಟವರು ಇದೇ ಗಾಂಬೆಟ್ಟಾ. 1882ರ ಕೊನೆಯ ದಿನ ಅವರು ತೀರಿಕೊಂಡದ್ದರಿಂದ ಹಾರಾಟವನ್ನು ನೋಡಲಾಗಲಿಲ್ಲ.

ನನ್ನ ಪ್ರಶ್ನೆ ಹೀಗಿದೆ. 1884 ಮತ್ತು 1885ರಲ್ಲಿ ಈ ನೌಕೆ ಒಟ್ಟು ಏಳು ಬಾರಿ ಹಾರಿತು, ಐದು ಬಾರಿ ಹೊರಟಲ್ಲಿಗೇ ಮರಳಿತು. ಆಮೇಲೆ ಅದು ಹಾರಲಿಲ್ಲ. ಫ್ರೆಂಚ್ ಸೈನ್ಯ ನಂಬಿಕೆಯಿಟ್ಟು ಬಳಸಬಹುದಾದ ವಾಯುನೌಕೆ ಬರಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ಗೆದ್ದ ಯಂತ್ರವನ್ನು ಹೀಗೆ ಬದಿಗಿಟ್ಟದ್ದು ಏಕೆ?

ಬಯಲುಸೀಮೆ

‘ಅದೇ ಮೊದಲು’ ಎಂಬ ಮಾತನ್ನು ನಾನು ಸುಲಭವಾಗಿ ಒಪ್ಪಲಾರೆ. ಆನ್ರಿ ಜಿಫಾರ್ 1852ರ ಸೆಪ್ಟೆಂಬರ್ 24ರಂದು ಮೂರು ಅಶ್ವಶಕ್ತಿಯ ಉಗಿಯಂತ್ರ ಕಟ್ಟಿದ ಬಲೂನಿನಲ್ಲಿ ಪ್ಯಾರಿಸ್ಸಿನಿಂದ ಟ್ರಾಪ್ ಊರಿನ ಕಡೆಗೆ ಸುಮಾರು 27 ಕಿ.ಮೀ. ಹೋಗಿದ್ದರು. 1872ರ ಫೆಬ್ರವರಿಯಲ್ಲಿ ನೌಕಾದಳದ ಎಂಜಿನಿಯರ್ ದ್ಯುಪ್ವಿ ದ ಲೋಮ್ ಅವರ ವಾಯುನೌಕೆ ಹಾರಿತ್ತು. ಅದೇ ವರ್ಷದ ಕೊನೆಯಲ್ಲಿ ಪಾಲ್ ಹೆನ್‌ಲೈನ್ ಎಂಬ ಜರ್ಮನ್ ಎಂಜಿನಿಯರ್ ಬಲೂನಿನೊಳಗಿನ ಅನಿಲವನ್ನೇ ಇಂಧನವಾಗಿ ಉರಿಸುವ ಎಂಜಿನ್ನನ್ನು ಬ್ರುನೋ ನಗರದಲ್ಲಿ ಪರೀಕ್ಷಿಸಿದ್ದರು. ವಿದ್ಯುತ್ ಮೋಟಾರು ಕೂಡ ಹೊಸದೇನಲ್ಲ. ಟಿಸ್ಸಾಂದಿಯೇ ಸೋದರರು 1883ರ ಅಕ್ಟೋಬರಿನಲ್ಲೇ ಅದನ್ನು ಬಳಸಿದ್ದರು. ಇವರೆಲ್ಲರ ಹೆಗಲ ಮೇಲೆ ನಿಂತ ಇಬ್ಬರು ಅಧಿಕಾರಿಗಳಿಗೆ ಪೂರ್ತಿ ಹಾರ ಹಾಕುವುದು ನ್ಯಾಯವೇ?

ಗಾಳಿಪಟ

ಬಯಲುಸೀಮೆಯವರೇ, ನೀವು ಹೇಳಿದ ಹೆಸರುಗಳೆಲ್ಲ ಸರಿ, ಅವರ ಸಾಧನೆಯನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಆದರೆ ಆ ಹಾರಾಟಗಳಲ್ಲಿ ಒಂದೂ ಹೊರಟ ಜಾಗದಲ್ಲಿ ಮುಗಿಯಲಿಲ್ಲ. ಜಿಫಾರ್ ಚುಕ್ಕಾಣಿ ತಿರುಗಿಸಿ ನೌಕೆಯ ಮುಖವನ್ನು ಅತ್ತಿತ್ತ ಹೊರಳಿಸಿದರು ನಿಜ, ಗಾಳಿಗೆ ಎದುರಾಗಿ ಹಿಂದಿರುಗಲು ಮೂರು ಅಶ್ವಶಕ್ತಿ ಸಾಲಲಿಲ್ಲ. ದ್ಯುಪ್ವಿ ದ ಲೋಮ್ ಅವರ ನೌಕೆಯಲ್ಲಿ ಎಂಜಿನ್ನೇ ಇರಲಿಲ್ಲ. ಎಂಟು ಜನ ಕೈಯಿಂದ ಪ್ರೊಪೆಲರ್ ತಿರುಗಿಸುತ್ತಿದ್ದರು. ಮುತ್ತಿಗೆಯ ಕಾಲದಲ್ಲೇ ಸರ್ಕಾರ ಆ ನೌಕೆಗೆ ಆದೇಶ ಕೊಟ್ಟಿತ್ತಾದರೂ ಅದು ಸಿದ್ಧವಾಗುವ ವೇಳೆಗೆ ಯುದ್ಧವೇ ಮುಗಿದಿತ್ತು. ಹೆನ್‌ಲೈನ್ ಅವರ ಬಲೂನನ್ನು ಹಗ್ಗ ಹಿಡಿದುಕೊಂಡೇ ಹಾರಿಸಲಾಯಿತು.

ಟಿಸ್ಸಾಂದಿಯೇ ಸೋದರರ ಬದುಕಿನ ಒಂದು ಪ್ರಸಂಗ ಇಲ್ಲಿ ಬಹಳ ಪ್ರಸ್ತುತ. ಮುತ್ತಿಗೆಯ ಸಮಯದಲ್ಲಿ ಪ್ಯಾರಿಸ್ಸಿನಿಂದ ಬಲೂನಿನಲ್ಲಿ ಹೊರಬಿದ್ದಿದ್ದ ಇವರು, 1870ರ ನವೆಂಬರಿನಲ್ಲಿ ರುಆನ್ ನಗರದಿಂದ ಅನುಕೂಲವಾದ ಗಾಳಿಗೆ ಕಾದು, ಸಾಮಾನ್ಯ ಬಲೂನಿನಲ್ಲೇ ಪ್ಯಾರಿಸ್ಸಿನೊಳಕ್ಕೆ ಮರಳಲು ಪ್ರಯತ್ನಿಸಿ ವಿಫಲರಾದರು. ಆ ತಲೆಮಾರಿನ ಫ್ರೆಂಚ್ ಸೈನಿಕನಿಗೆ ಎಷ್ಟು ದೂರ, ಎಷ್ಟು ಎತ್ತರ ಎಂಬುದಕ್ಕಿಂತ ಹೋದವನು ಸುದ್ದಿಯೊಡನೆ ಹಿಂದಿರುಗಿ ಬರುತ್ತಾನೆಯೇ ಎಂಬುದೇ ಮುಖ್ಯವಾಗಿತ್ತು. ಶತ್ರುವಿನ ಪಾಳೆಯವನ್ನು ನೋಡಿದವನು ಮರಳಿ ಬಾರದಿದ್ದರೆ ಅವನು ಕಂಡದ್ದರಿಂದ ಸೇನಾಪತಿಗೆ ಏನು ಪ್ರಯೋಜನ? ಆ ಅಳತೆಗೋಲಿನಲ್ಲಿ 1884ರ ಹಾರಾಟಕ್ಕೆ ಹಿಂದಿನ ಸಾಟಿ ಇಲ್ಲ ಎಂಬುದಷ್ಟೇ ನನ್ನ ವಾದ.

ಕಡಲತಡಿ

ಈ ವಿಷಯ ನನಗೆ ತೀರ ಹೊಸದು, ಆದ್ದರಿಂದ ಪ್ರಶ್ನೆ ಸಾಮಾನ್ಯವಾಗಿದ್ದರೆ ಕ್ಷಮಿಸಿ. ಐವತ್ತು ಮೀಟರಿನಷ್ಟು ಉದ್ದದ ಬಲೂನನ್ನು ಅವರು ತಿರುಗಿಸಿದ್ದು ಹೇಗೆ, ಒಂದು ಹುಲ್ಲುಹಾಸಿನ ಮೇಲೆ ಗುರಿಯಿಟ್ಟು ಇಳಿಸಿದ್ದು ಹೇಗೆ ಎಂಬುದನ್ನು ಯಾರಾದರೂ ವಿವರಿಸುವಿರಾ?

ಗಾಳಿಪಟ

ಒಳ್ಳೆಯ ಪ್ರಶ್ನೆ. ಈ ಹಾರಾಟದ ವರದಿಯನ್ನು ಅದೇ ಆಗಸ್ಟ್ 18ರಂದು ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದೆ ಮಂಡಿಸಲಾಯಿತು, ಹೀಗಾಗಿ ವಿವರಗಳು ಚೆನ್ನಾಗಿ ಉಳಿದುಬಂದಿವೆ.

ಚೀಲದ ಉದ್ದ 50.4 ಮೀಟರ್, ಅತಿ ಅಗಲವಾದ ಕಡೆ ವ್ಯಾಸ 8.4 ಮೀಟರ್. ಎರಡು ತುದಿಗಳೂ ಒಂದೇ ರೀತಿ ಇರಲಿಲ್ಲ. ಮುಂಭಾಗ ದಪ್ಪಗಿದ್ದು ಹಿಂದಕ್ಕೆ ಹೋದಂತೆ ಮೀನಿನ ಮೈಯಂತೆ ಸಪೂರವಾಗುತ್ತಿತ್ತು. ಕೆಳಗೆ ಬಿದಿರಿನ ಹಂದರಕ್ಕೆ ರೇಷ್ಮೆ ಬಟ್ಟೆ ಹೊದಿಸಿದ 33 ಮೀಟರ್ ಉದ್ದದ ತೊಟ್ಟಿಲು ತೂಗುತ್ತಿತ್ತು. ಪ್ರೊಪೆಲರ್ ಇದ್ದದ್ದು ತೊಟ್ಟಿಲಿನ ಮುಂತುದಿಯಲ್ಲಿ. ಅದರ ವ್ಯಾಸ ಏಳು ಮೀಟರ್, ಅಂದರೆ ಎರಡಂತಸ್ತಿನ ಮನೆಯಷ್ಟು. ಹಿಂತುದಿಯಲ್ಲಿ ಚುಕ್ಕಾಣಿ. ಚೀಲದೊಳಗೆ ಗಾಳಿ ತುಂಬುವ ಇನ್ನೊಂದು ಸಣ್ಣ ಚೀಲವಿತ್ತು. ಜಲಜನಕ ಕುಗ್ಗಿದಾಗ ಅದಕ್ಕೆ ಗಾಳಿ ಊದಿದರೆ ಹೊರಚೀಲ ಸುಕ್ಕುಗಟ್ಟದೆ ಬಿಗಿಯಾಗಿ ಉಳಿಯುತ್ತಿತ್ತು. ಚೀಲ ಬಿಗಿಯಿಲ್ಲದಿದ್ದರೆ ಚುಕ್ಕಾಣಿಯೂ ಕೆಲಸ ಮಾಡದು. ಈ ಒಳಚೀಲದ ಕಲ್ಪನೆ ಅವರದಲ್ಲ, ನೂರು ವರ್ಷ ಹಿಂದಿನ ಮ್ಯೂನಿಯೇ ಎಂಬ ಫ್ರೆಂಚ್ ಸೇನಾ ಎಂಜಿನಿಯರನದು.

ತಿರುವಿನ ವರ್ಣನೆ ನನಗೆ ಅತ್ಯಂತ ಇಷ್ಟವಾದ ಭಾಗ. ವಿಲ್ಲಾಕೂಬ್ಲೇ ಹತ್ತಿರ, ಮ್ಯುಡೋನ್‌ನಿಂದ ಸುಮಾರು ನಾಲ್ಕು ಕಿ.ಮೀ. ದೂರದಲ್ಲಿ, ನೌಕೆ ಚೆನ್ನಾಗಿಯೇ ನಡೆಯುತ್ತಿದೆ ಎಂದು ತೃಪ್ತಿಯಾದ ಮೇಲೆ ಅವರು ಹಿಂದಿರುಗಲು ನಿರ್ಧರಿಸಿದರು. ಚುಕ್ಕಾಣಿಯನ್ನು ಸುಮಾರು 11 ಡಿಗ್ರಿಯಷ್ಟೇ ತಿರುಗಿಸಿದ್ದಕ್ಕೆ ನೌಕೆ ಸುಮಾರು 300 ಮೀಟರ್ ವ್ಯಾಸದ ವೃತ್ತದಲ್ಲಿ ಬಲಕ್ಕೆ ಹೊರಳಿತು. ದಾರಿ ತಿಳಿಯಲು ಅವರು ದೂರದಲ್ಲಿ ಕಾಣುತ್ತಿದ್ದ ಪ್ಯಾರಿಸ್ಸಿನ ಆಂವಾಲೀದ್ ಕಟ್ಟಡದ ಗುಮ್ಮಟವನ್ನು ಗುರುತಾಗಿ ಇಟ್ಟುಕೊಂಡಿದ್ದರು. ಇಳಿಯುವಾಗ ಜಲಜನಕವನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟು, ಮೋಟಾರನ್ನು ಹಲವು ಬಾರಿ ಮುಂದಕ್ಕೂ ಹಿಂದಕ್ಕೂ ಓಡಿಸಿ ಹುಲ್ಲುಹಾಸಿನ ನೇರಕ್ಕೆ ನೌಕೆಯನ್ನು ತಂದರು. 80 ಮೀಟರ್ ಎತ್ತರದಲ್ಲಿದ್ದಾಗ ಇಳಿಬಿಟ್ಟ ಹಗ್ಗವನ್ನು ಕೆಳಗಿದ್ದ ಸೈನಿಕರು ಹಿಡಿದು ಎಳೆದುಕೊಂಡರು.

ವಿದ್ಯುತ್ ಮೇಷ್ಟ್ರು

ಮೊದಲ ಪ್ರಶ್ನೆಗೆ, ಅಂದರೆ ಈ ನೌಕೆಯನ್ನು ಏಕೆ ಬದಿಗಿಟ್ಟರು ಎಂಬುದಕ್ಕೆ, ಉತ್ತರ ಅದರ ತೂಕದ ಪಟ್ಟಿಯಲ್ಲೇ ಇದೆ ಎಂದು ನನಗನ್ನಿಸುತ್ತದೆ. ರೆನಾರ್ ಮತ್ತು ಕ್ರೆಬ್ಸ್ ಲೆಕ್ಕದಲ್ಲಿ ಬಹಳ ಶಿಸ್ತಿನವರು. ಪ್ರತಿಯೊಂದು ಭಾಗದ ತೂಕವನ್ನೂ ಬರೆದಿಟ್ಟರು. ಚೀಲ ಮತ್ತು ಒಳಚೀಲ 369 ಕಿಲೋ, ಹೊದಿಕೆ ಮತ್ತು ಬಲೆ 127, ತೊಟ್ಟಿಲು 452, ಚುಕ್ಕಾಣಿ 46, ಪ್ರೊಪೆಲರ್ 41, ಮೋಟಾರು 98, ಅದರ ಚೌಕಟ್ಟು ಮತ್ತು ಹಲ್ಲುಗಾಲಿಗಳು 47, ದಂಡ 30.5, ಬ್ಯಾಟರಿ ಮತ್ತು ಇತರ ಉಪಕರಣಗಳು 435.5, ಇಬ್ಬರು ಮನುಷ್ಯರು 140, ಮರಳು ಮೂಟೆ ಇತ್ಯಾದಿ ಬಿಸಾಡುವ ಭಾರ 214. ಕೂಡಿಸಿ ನೋಡಿ, ಸರಿಯಾಗಿ 2,000 ಕಿಲೋ ಬರುತ್ತದೆ. ಚೀಲದ ಗಾತ್ರ 1,864 ಘನ ಮೀಟರ್. ಒಂದು ಘನ ಮೀಟರ್ ಜಲಜನಕ ಸುಮಾರು 1.1 ಕಿಲೋ ಎತ್ತುತ್ತದೆ ಎಂದುಕೊಂಡರೂ ಎರಡು ಸಾವಿರ ಕಿಲೋಗೆ ಲೆಕ್ಕ ಹೊಂದುತ್ತದೆ.

ಈಗ ಶಕ್ತಿಗೆ ಸಂಬಂಧಿಸಿದ ಭಾಗಗಳನ್ನಷ್ಟೇ ತೆಗೆದುಕೊಳ್ಳಿ. ಮೋಟಾರು, ಹಲ್ಲುಗಾಲಿ, ದಂಡ, ಬ್ಯಾಟರಿ ಸೇರಿ 611 ಕಿಲೋ. ಇಷ್ಟಕ್ಕೆ ಸಿಕ್ಕಿದ್ದು ಸುಮಾರು 8.5 ಅಶ್ವಶಕ್ತಿ, ಅಂದರೆ ಒಂದು ಅಶ್ವಶಕ್ತಿಗೆ 72 ಕಿಲೋ. ಈ ಶಕ್ತಿಯಿಂದ ಮೊದಲ ಹಾರಾಟದಲ್ಲಿ ಗಂಟೆಗೆ ಸುಮಾರು 20 ಕಿ.ಮೀ. ವೇಗ ಸಿಕ್ಕಿತು, ನವೆಂಬರಿನ ಹಾರಾಟದಲ್ಲಿ ಇನ್ನೂ ತುಸು ಹೆಚ್ಚು. ಯಾರೋ ಸೇನಾಪತಿ ಬಂದು ‘ಈ ವೇಗವನ್ನು ಎರಡು ಪಟ್ಟು ಮಾಡಿ’ ಎಂದರೆನ್ನಿ. ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ಎರಡು ಪಟ್ಟು ವೇಗಕ್ಕೆ ಎಂಟು ಪಟ್ಟು ಶಕ್ತಿ, ಅಂದರೆ 68 ಅಶ್ವಶಕ್ತಿ ಬೇಕು. ಅದೇ ಬಗೆಯ ಮೋಟಾರು ಮತ್ತು ಬ್ಯಾಟರಿಯಿಂದ ಅದನ್ನು ಪಡೆಯಲು 4,900 ಕಿಲೋ ಹೊರಬೇಕಾಗುತ್ತದೆ. ಇಡೀ ನೌಕೆ ಎತ್ತಬಲ್ಲದ್ದೇ ಎರಡು ಸಾವಿರ! ಚೀಲವನ್ನು ದೊಡ್ಡದು ಮಾಡಿದರೆ ಗಾಳಿಯ ತಡೆಯೂ ಹೆಚ್ಚುತ್ತದೆ. ಮೋಟಾರಿನ ಕೆಲಸದಲ್ಲಿ ಲೋಪವಿರಲಿಲ್ಲ, 98 ಕಿಲೋ ಮೋಟಾರು ಆ ಕಾಲಕ್ಕೆ ಅದ್ಭುತ. ಬ್ಯಾಟರಿಯೇ ದಾರಿ ಕಟ್ಟಿದ್ದು.

ಆ ಬ್ಯಾಟರಿಯ ಬಗ್ಗೆಯೂ ಎರಡು ಮಾತು. ಅದನ್ನು ರೆನಾರ್ ಅವರೇ ರೂಪಿಸಿದ್ದರು. ಸತುವಿನ ಕಡ್ಡಿ, ಪ್ಲಾಟಿನಂ ಲೇಪಿಸಿದ ತೀರ ತೆಳುವಾದ ಬೆಳ್ಳಿಯ ಹಾಳೆ, ಕ್ರೋಮಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ದ್ರಾವಣ ಅದರಲ್ಲಿದ್ದವು. ಇದು ಇಂದಿನ ಫೋನಿನ ಬ್ಯಾಟರಿಯಂತೆ ಮತ್ತೆ ಮತ್ತೆ ಚಾರ್ಜ್ ಮಾಡುವಂಥದ್ದಲ್ಲ. ಸತುವು ಕರಗಿಹೋಗುತ್ತದೆ, ದ್ರಾವಣ ಸತ್ತುಹೋಗುತ್ತದೆ, ಮುಂದಿನ ಹಾರಾಟಕ್ಕೆ ಹೊಸದಾಗಿ ತುಂಬಬೇಕು. ಯುದ್ಧಭೂಮಿಯಲ್ಲಿ ಜಲಜನಕವನ್ನು ತಯಾರಿಸುವುದರ ಜೊತೆಗೆ ಆಮ್ಲದ ಜಾಡಿಗಳನ್ನೂ ಹೊತ್ತು ತಿರುಗುವ ಗಾಡಿಗಳ ಸಾಲನ್ನು ಊಹಿಸಿಕೊಳ್ಳಿ.

ಕಡಲತಡಿ

ಮೇಷ್ಟ್ರೇ, ಬಹಳ ಸ್ಪಷ್ಟವಾಯಿತು. ಹಾಗಿದ್ದರೆ ಹಗುರವಾದ ಉಗಿಯಂತ್ರವನ್ನೇ ಅವರು ಬಳಸಬಹುದಿತ್ತಲ್ಲವೇ?

ವಿದ್ಯುತ್ ಮೇಷ್ಟ್ರು

ಉಗಿಯಂತ್ರಕ್ಕೆ ಬೆಂಕಿ ಬೇಕು, ತಲೆಯ ಮೇಲೆ ಎರಡು ಸಾವಿರ ಘನ ಮೀಟರಿನಷ್ಟು ಜಲಜನಕ. ಜಿಫಾರ್ ಹೊಗೆಕೊಳವೆಯನ್ನು ಕೆಳಮುಖವಾಗಿ ತಿರುಗಿಸಿಟ್ಟುಕೊಂಡು ಹಾರಿದ ಧೈರ್ಯಶಾಲಿ. ಇನ್ನೊಂದು ತೊಡಕೂ ಇದೆ. ಉಗಿಯಂತ್ರ ಓಡುತ್ತಿದ್ದಂತೆ ನೀರು ಮತ್ತು ಕಲ್ಲಿದ್ದಲು ಖರ್ಚಾಗಿ ನೌಕೆ ಹಗುರಾಗುತ್ತಾ ಮೇಲಕ್ಕೇರುತ್ತದೆ, ಅದನ್ನು ತಡೆಯಲು ಅನಿಲ ಬಿಡಬೇಕಾಗುತ್ತದೆ. ಬ್ಯಾಟರಿಯಲ್ಲಿ ತೂಕ ಬದಲಾಗುವುದಿಲ್ಲ. ಮೋಟಾರನ್ನು ಕ್ಷಣದಲ್ಲಿ ನಿಲ್ಲಿಸಬಹುದು, ಹಿಂದಕ್ಕೂ ಓಡಿಸಬಹುದು. ಗಾಳಿಪಟದವರು ವರ್ಣಿಸಿದ ಆ ಇಳಿಯುವಿಕೆ ಸಾಧ್ಯವಾದದ್ದು ಅದರಿಂದ.

ಬಯಲುಸೀಮೆ

ಲೆಕ್ಕವನ್ನು ಒಪ್ಪಿದೆ. ಆದರೆ ಏಳರಲ್ಲಿ ಐದು ಎಂಬುದನ್ನು ಗೆಲುವೆಂದು ಬಣ್ಣಿಸುವ ಮೊದಲು ಉಳಿದ ಎರಡನ್ನೂ ನೋಡಬೇಕು. 1884ರ ಸೆಪ್ಟೆಂಬರ್ 12ರ ಎರಡನೆಯ ಹಾರಾಟದಲ್ಲಿ ಮೋಟಾರು ಕೈಕೊಟ್ಟು ನೌಕೆ ವೆಲಿಝಿಯಲ್ಲಿ ಇಳಿಯಿತು. 1885ರ ಆಗಸ್ಟ್ 25ರಂದು ಗಾಳಿಯೇ ಜೋರಾಗಿದ್ದರಿಂದ ಹಿಂದಿರುಗಲಾಗದೆ ವಿಲ್ಲಾಕೂಬ್ಲೇ ಬಳಿ ಇಳಿಯಬೇಕಾಯಿತು. ಗೆದ್ದ ದಿನಗಳೆಲ್ಲ ಗಾಳಿ ಸೌಮ್ಯವಾಗಿದ್ದ ದಿನಗಳು. ಗಂಟೆಗೆ ಇಪ್ಪತ್ತು ಕಿ.ಮೀ. ಗಾಳಿ ಬೀಸಿದರೆ ಇದ್ದಲ್ಲೇ ನಿಲ್ಲುವ ನೌಕೆಯನ್ನು ನೆಚ್ಚಿಕೊಂಡು ಯಾವ ಸೇನಾಪತಿ ಯುದ್ಧ ಮಾಡುತ್ತಾನೆ? ಶತ್ರು ಸೌಮ್ಯವಾದ ಸಂಜೆಗಾಗಿ ಕಾಯುವುದಿಲ್ಲ.

ಅದೂ ಅಲ್ಲದೆ ಸೈನ್ಯಕ್ಕೆ ಆಗ ಬೇಕಾದದ್ದು ಹಗ್ಗ ಕಟ್ಟಿ ಹಾರಿಸುವ ಸಾಮಾನ್ಯ ವೀಕ್ಷಣಾ ಬಲೂನು. 1884ರಲ್ಲೇ ಫ್ರೆಂಚರು ಅದನ್ನು ಟೋಂಕಿನ್ (ಇಂದಿನ ಉತ್ತರ ವಿಯೆಟ್ನಾಂ) ಯುದ್ಧಕ್ಕೆ ಒಯ್ದಿದ್ದರು. ಮೋಟಾರು ಬೇಡ, ಬ್ಯಾಟರಿ ಬೇಡ. ನೋಡಿದವನನ್ನು ಕೆಳಗೆ ಎಳೆದುಕೊಂಡರಾಯಿತು, ಸುದ್ದಿ ಕೈಗೆ ಬಂತು.

ಮಷೀನ್‌ಶಾಪ್

ಬಯಲುಸೀಮೆಯವರ ಎರಡನೆಯ ಮಾತಿಗೆ ನಾನು ಸೇರಿಸುವುದಿದೆ. ರೆನಾರ್ ಅವರ ದಿನನಿತ್ಯದ ಕೆಲಸ ಅದೇ ಹಗ್ಗದ ಬಲೂನುಗಳದ್ದು: ಕುದುರೆಗಾಡಿಯ ಮೇಲೆ ಜಲಜನಕ ತಯಾರಿಸುವ ಉಪಕರಣ, ಹಗ್ಗ ಸುತ್ತುವ ಉಗಿರಾಟೆ, ಇಂಥವು. ಆ ಬಲೂನುಗಳಿಗೆ ಸೈನ್ಯ 425 ಬೇರೆ ಬೇರೆ ದಪ್ಪದ ಹಗ್ಗಗಳನ್ನು ದಾಸ್ತಾನಿಟ್ಟಿತ್ತಂತೆ. ಪ್ರತಿಯೊಂದು ಅಳತೆಯೂ ಹಿಂದಿನದಕ್ಕೆ ಒಂದೇ ಅನುಪಾತದಲ್ಲಿ ಇರುವಂತೆ ಶ್ರೇಣಿ ಹಾಕಿ ಅವರು ಅದನ್ನು 17ಕ್ಕೆ ಇಳಿಸಿದರು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಮಷೀನ್ ಡಿಸೈನ್ ಪಾಠದಲ್ಲಿ ಬರುವ ಆರ್5, ಆರ್10, ಆರ್20 ಶ್ರೇಣಿಗಳಲ್ಲಿ ‘ಆರ್’ ಎಂದರೆ ಇದೇ ರೆನಾರ್. ಡೇಟಾ ಹ್ಯಾಂಡ್‌ಬುಕ್ಕಿನ ಆ ಪುಟವನ್ನು ಪರೀಕ್ಷೆಗಾಗಿ ತಿರುವಿದ ಎಷ್ಟು ಜನರಿಗೆ ಅದು ಬಲೂನಿನ ಹಗ್ಗದಿಂದ ಬಂದದ್ದೆಂದು ಗೊತ್ತಿರಬಹುದು? ವಾಯುನೌಕೆ ಮೂಲೆ ಸೇರಿದರೂ ಹಗ್ಗದ ಲೆಕ್ಕ ಲೋಕವನ್ನೆಲ್ಲ ಸುತ್ತಿತು. ಚರ್ಚೆಯನ್ನು ದಾರಿ ತಪ್ಪಿಸುವುದಿಲ್ಲ, ಮುಂದುವರಿಸಿ.

ಗಾಳಿಪಟ

ಮೇಷ್ಟ್ರ ಲೆಕ್ಕ, ಬಯಲುಸೀಮೆಯವರ ಆಕ್ಷೇಪ ಎರಡನ್ನೂ ಒಟ್ಟಿಗಿಟ್ಟು ನೋಡಿದರೆ, ಸೈನ್ಯದ ನಿರ್ಧಾರ ಅವಿವೇಕದ್ದಲ್ಲ ಎನ್ನಿಸುತ್ತದೆ. ರೂಪ ಸರಿಯಾಗಿತ್ತು, ಚುಕ್ಕಾಣಿ ಸರಿಯಾಗಿತ್ತು, ಒಳಚೀಲ ಸರಿಯಾಗಿತ್ತು. ಹಗುರವಾದ ಎಂಜಿನ್ನಿಗಾಗಿ ಕಾಯಬೇಕಾಗಿತ್ತು.

ಆದರೆ ಈ ಹಾರಾಟಗಳನ್ನು ಗಂಭೀರವಾಗಿ ತೆಗೆದುಕೊಂಡವರು ಗಡಿಯಾಚೆಗೂ ಇದ್ದರು. ವುರ್ಟೆಂಬರ್ಗ್‌ನ ಸೇನಾಧಿಕಾರಿ ಕೌಂಟ್ ಫರ್ಡಿನಾಂಡ್ ವಾನ್ ಜೆಪ್ಪೆಲಿನ್ 1887ರಲ್ಲಿ ತಮ್ಮ ರಾಜನಿಗೆ ಬರೆದ ಮನವಿಯಲ್ಲಿ, ಯುದ್ಧಕ್ಕೆ ಚಾಲನೆ ಮಾಡಬಲ್ಲ ವಾಯುನೌಕೆಗಳು ಬೇಕೇ ಬೇಕು ಎಂದು ವಾದಿಸಿದರು. ಅವರ ಮೊದಲ ನೌಕೆ 1900ರ ಜುಲೈ 2ರಂದು ಹಾರಿತು. ಪ್ಯಾರಿಸ್ಸಿನ ಮುತ್ತಿಗೆಯನ್ನು ಮರೆಯಲಾಗದೆ ಫ್ರೆಂಚರು ಆರಂಭಿಸಿದ ಪ್ರಯೋಗ, ಅದೇ ಜರ್ಮನರ ಕೈಯಲ್ಲಿ ಬೆಳೆದು ಮುಂದೆ ಪ್ಯಾರಿಸ್ಸಿನ ಮೇಲೆಯೇ ಬಾಂಬು ಹಾಕಿತು.

ಫ್ರಾನ್ಸ್‌ನಲ್ಲಿ ಕಾಯುವಿಕೆ ಮುಗಿದದ್ದು ಪೆಟ್ರೋಲ್ ಎಂಜಿನ್ನಿನಿಂದ. ಸಕ್ಕರೆ ಕಾರ್ಖಾನೆಯ ಮಾಲೀಕರಾದ ಲೆಬೋದಿ ಸೋದರರಿಗಾಗಿ ಎಂಜಿನಿಯರ್ ಆನ್ರಿ ಜೂಲಿಯೋ 1902ರಲ್ಲಿ ಕಟ್ಟಿದ ನೌಕೆಯಲ್ಲಿ 40 ಅಶ್ವಶಕ್ತಿಯ ಡೈಮ್ಲರ್ ಎಂಜಿನ್ ಇತ್ತು. ಅದೇ ಮಾದರಿಯಲ್ಲಿ ಸೈನ್ಯ ತರಿಸಿಕೊಂಡ ‘ಪಾತ್ರಿ’ 1906ರಲ್ಲಿ ಹಾರಿತು. ಅದರಲ್ಲಿದ್ದದ್ದು ಪನಾರ್-ಲೆವಾಸೋರ್ ಕಂಪನಿಯ ಎಂಜಿನ್. ಆ ಹೊತ್ತಿಗೆ ಆ ಕಂಪನಿಯನ್ನು ನಡೆಸುತ್ತಿದ್ದವರು ಯಾರು ಗೊತ್ತೇ? ನಮ್ಮ ಆರ್ಥರ್ ಕ್ರೆಬ್ಸ್. ‘ಲಾ ಫ್ರಾನ್ಸ್’ ನಂತರ ಅವರು ‘ಜಿಮ್ನೋಟ್’ ಜಲಾಂತರ್ಗಾಮಿಗೆ ವಿದ್ಯುತ್ ಮೋಟಾರು ರೂಪಿಸಿ, 1897ರಿಂದ ಮೋಟಾರು ಕಾರುಗಳ ಕಡೆಗೆ ಹೊರಳಿದ್ದರು.

ಬಯಲುಸೀಮೆ

‘ಪಾತ್ರಿ’ಯ ಗತಿಯನ್ನೂ ಹೇಳಿಬಿಡಿ, ಪೆಟ್ರೋಲ್ ಬಂದ ಮೇಲೆ ಎಲ್ಲವೂ ಸುಗಮವಾಯಿತೆಂದು ಯಾರೂ ಭಾವಿಸಬಾರದು. 1907ರ ನವೆಂಬರ್ 23ರಂದು ಮ್ಯುಡೋನ್‌ನಿಂದ ಜರ್ಮನ್ ಗಡಿಯ ಕಡೆಯ ವೆರ್ದನ್ ಕೋಟೆಗೆ, ಸುಮಾರು 240 ಕಿ.ಮೀ. ದೂರವನ್ನು, ಅದು ಏಳು ಗಂಟೆಗಿಂತ ಕಡಿಮೆ ಸಮಯದಲ್ಲಿ ತಲುಪಿತು. ‘ಲಾ ಫ್ರಾನ್ಸ್’ನ ಎಂಟು ಕಿ.ಮೀ.ಯೊಡನೆ ಹೋಲಿಸಿದರೆ ಇದು ಬೇರೆಯೇ ಯುಗ. ಒಂದು ವಾರ ಕಳೆಯುವುದರೊಳಗೆ ಯಂತ್ರದ ತೊಂದರೆಯಿಂದ ಊರಾಚೆಯ ಬಯಲಿನಲ್ಲಿ ಇಳಿಯಬೇಕಾಯಿತು. ನವೆಂಬರ್ 30ರ ಬಿರುಗಾಳಿಯಲ್ಲಿ ಸುಮಾರು ಇನ್ನೂರು ಸೈನಿಕರು ಹಗ್ಗ ಹಿಡಿದು ಜಗ್ಗಿದರೂ ನಿಲ್ಲಲಿಲ್ಲ. ಯಾರೂ ಇಲ್ಲದ ನೌಕೆ ಕೈತಪ್ಪಿ ಹಾರಿ, ಮರುದಿನ ವೇಲ್ಸ್ ದಾಟಿ ಐರ್ಲೆಂಡಿನ ಬೆಲ್‌ಫಾಸ್ಟ್ ಹತ್ತಿರ ನೆಲಕ್ಕೆ ಉಜ್ಜಿ, ಪ್ರೊಪೆಲರಿನ ಭಾಗಗಳನ್ನು ಅಲ್ಲೇ ಉದುರಿಸಿ, ತೂಕ ಕಡಿಮೆಯಾದದ್ದರಿಂದ ಮತ್ತೆ ಮೇಲೆದ್ದು ಅಟ್ಲಾಂಟಿಕ್ ಕಡೆಗೆ ಹೋಯಿತು. ಅದು ಮತ್ತೆ ಸಿಗಲಿಲ್ಲ. ಅದರ ಸೋದರ ನೌಕೆ ‘ರೆಪ್ಯುಬ್ಲಿಕ್’ 1909ರ ಸೆಪ್ಟೆಂಬರ್ 25ರಂದು ಪ್ರೊಪೆಲರಿನ ಅಲಗು ಮುರಿದು ಚೀಲವನ್ನು ಸೀಳಿದ್ದರಿಂದ ಕುಸಿದು ನಾಲ್ವರು ಸೈನಿಕರು ಸತ್ತರು.

ಮರಳಿ ಬರುವುದೇ ಅಳತೆಗೋಲಾದರೆ ಈ ಲೆಕ್ಕವನ್ನೂ ಅದೇ ಖಾತೆಗೆ ಬರೆಯಬೇಕು.

ಗಾಳಿಪಟ

ಬರೆಯೋಣ, ಅಭ್ಯಂತರವಿಲ್ಲ. ಆದರೆ ‘ಪಾತ್ರಿ’ ಕಳೆದುಹೋದದ್ದು ಎಂಜಿನ್ ಕೆಟ್ಟು, ಬಯಲಿನಲ್ಲಿ ಗೂಡಿಲ್ಲದೆ ಕಟ್ಟಿ ನಿಂತಿದ್ದಾಗ, ಹಾರಾಟದಲ್ಲಿ ಅಲ್ಲ. ವಾಯುನೌಕೆಗೆ ಎಂಜಿನ್ನಿನಷ್ಟೇ ಮುಖ್ಯವಾದದ್ದು ಅದನ್ನು ನಿಲ್ಲಿಸುವ ಗೂಡು ಎಂಬುದನ್ನು ರೆನಾರ್ ಮೊದಲೇ ಬಲ್ಲವರಾಗಿದ್ದರು.

ಕಡಲತಡಿ

‘ಲಾ ಫ್ರಾನ್ಸ್’ಗೆ ಅಂಥ ಗೂಡು ಇತ್ತೇ? ಇದ್ದರೆ ಈಗ ಅದನ್ನು ನೋಡಬಹುದೇ?

ಗಾಳಿಪಟ

ಇತ್ತು, ಈಗಲೂ ಇದೆ. ಅದರ ಹೆಸರು ‘ಹ್ಯಾಂಗರ್ ವೈ’. 1878ರ ಪ್ಯಾರಿಸ್ ವಿಶ್ವ ಪ್ರದರ್ಶನಕ್ಕಾಗಿ ಕಟ್ಟಿದ್ದ ಕಬ್ಬಿಣದ ಮಂಟಪದ ಭಾಗಗಳನ್ನು ಬಿಚ್ಚಿ ತಂದು ಮ್ಯುಡೋನ್‌ನಲ್ಲಿ ಮತ್ತೆ ಜೋಡಿಸಿದ್ದು. ಉದ್ದ ಸುಮಾರು 70 ಮೀಟರ್, ಆದ್ದರಿಂದ 50 ಮೀಟರಿನ ನೌಕೆ ಅನಿಲ ತುಂಬಿಕೊಂಡ ಸ್ಥಿತಿಯಲ್ಲೇ ಒಳಗೆ ನಿಲ್ಲುತ್ತಿತ್ತು. ಪ್ರತಿ ಹಾರಾಟದ ನಂತರ ಅನಿಲವನ್ನು ಚೆಲ್ಲಿ ಮತ್ತೆ ಗಂಧಕಾಮ್ಲದಿಂದ ಜಲಜನಕ ತಯಾರಿಸುವ ಖರ್ಚು ಉಳಿಯುತ್ತಿತ್ತು. ಸೈನ್ಯ ಬಿಟ್ಟುಕೊಟ್ಟ ಮೇಲೆ ಆ ಕಟ್ಟಡ ಬಹುಕಾಲ ಪಾಳುಬಿದ್ದಿತ್ತು. ನಡುವೆ 1960ರ ದಶಕದಲ್ಲಿ, ಪ್ಯಾರಿಸ್ ಒಪೆರಾ ಭವನದ ಛಾವಣಿಗಾಗಿ ಮಾರ್ಕ್ ಶಗಾಲ್ ಚಿತ್ರಿಸುತ್ತಿದ್ದ ಬೃಹತ್ ಫಲಕಗಳನ್ನು ಹರಡಲು ಬೇರೆಲ್ಲೂ ಅಷ್ಟು ಜಾಗ ಸಿಗದೆ ಇಲ್ಲಿಗೆ ತಂದಿದ್ದರು. ಇತ್ತೀಚಿನ ವರ್ಷಗಳಲ್ಲಿ ಅದನ್ನು ದುರಸ್ತಿ ಮಾಡಿ ಸಾರ್ವಜನಿಕರಿಗೆ ತೆರೆದಿದ್ದಾರೆ. ಪ್ಯಾರಿಸ್ಸಿಗೆ ಹೋಗುವವರು ಮ್ಯುಡೋನ್‌ಗೆ ರೈಲಿನಲ್ಲೇ ಹೋಗಬಹುದು.